ಆಟಿಸಂ ಇರುವ ಮಗುವಿನೊಂದಿಗೆ ಥೀಮ್ ಪಾರ್ಕ್: ಆಯ್ಕೆಗಳನ್ನು ತೂಗಿ ನೋಡುವ ಬಗೆ

ಆಟಿಸಂ ಇರುವ ಮಗುವನ್ನು ಥೀಮ್ ಪಾರ್ಕಿಗೆ ಕರೆದೊಯ್ಯಲು ಯೋಚಿಸುವ ಹೆತ್ತವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಪಾರ್ಕ್ ಒಳ್ಳೆಯದು ಎಂದು. ಆದರೆ ತಮ್ಮ ಮಗುವನ್ನು ಯಾವುದು ಬೇಗ ದಣಿಸುತ್ತದೆ ಎಂಬುದು ಸ್ಪಷ್ಟವಾಗುವ ತನಕ ಆ ಪ್ರಶ್ನೆಗೆ ಉತ್ತರವಿಲ್ಲ. ಒಂದು ಮಗುವಿಗೆ ಸದ್ದು ತಡೆಯದು. ಇನ್ನೊಂದಕ್ಕೆ ಸದ್ದಿನ ಗೊಡವೆಯೇ ಇರುವುದಿಲ್ಲ, ಹತ್ತು ನಿಮಿಷ ಸಾಲಿನಲ್ಲಿ ನಿಲ್ಲುವುದು ಮಾತ್ರ ಆಗದ ಮಾತು. ಮತ್ತೊಂದು ಮಗು ಗದ್ದಲವನ್ನೂ ಸಹಿಸುತ್ತದೆ, ಸಾಲಿನಲ್ಲೂ ನಿಲ್ಲುತ್ತದೆ, ಆದರೆ ಮನೆಯಲ್ಲಿ ಹೇಳಿ ಕರೆತಂದಿದ್ದ ರೈಡ್ ದುರಸ್ತಿಗಾಗಿ ಮುಚ್ಚಿದೆ ಎಂದು ತಿಳಿದೊಡನೆ ಅದರ ದಿನವೆಲ್ಲ ಕೆಡುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ರೋಗನಿರ್ಣಯದ ಮಾನದಂಡಗಳನ್ನು ಪರಿಷ್ಕರಿಸಿದಾಗ, ಇಂದ್ರಿಯಗಳ ಅತಿಯಾದ ಸ್ಪಂದನ ಮತ್ತು ತೀರ ಕಡಿಮೆ ಸ್ಪಂದನ ಎರಡನ್ನೂ ಆಟಿಸಂನ ಲಕ್ಷಣಗಳ ಸಾಲಿಗೆ ಸೇರಿಸಿತು. ಒಂದೇ ಮಗುವಿನಲ್ಲಿ ಎರಡೂ ಇರಬಹುದು. ಲೌಡ್‌ಸ್ಪೀಕರಿನ ಪ್ರಕಟಣೆಗೆ ಕಿವಿ ಮುಚ್ಚಿಕೊಳ್ಳುವ ಮಗುವೇ ಮೈಯೆಲ್ಲ ಅಲುಗಾಡಿಸುವ ರೈಡಿಗೆ ಮತ್ತೆ ಮತ್ತೆ ಹೋಗಬೇಕೆನ್ನುವುದರಲ್ಲಿ ವಿರೋಧವೇನೂ ಇಲ್ಲ.

ಆದ್ದರಿಂದ ಇಲ್ಲಿನ ಹೋಲಿಕೆಗಳಲ್ಲಿ ಎಲ್ಲ ಮಕ್ಕಳಿಗೂ ಹೊಂದುವ ಒಂದೇ ತೀರ್ಪು ಇರುವುದಿಲ್ಲ. ಆದರೂ ಎರಡು ಆಯ್ಕೆಗಳು ಸರಿಸಮವಾಗಿ ಕಂಡಾಗ ನಾನು ಬಳಸುವ ಅಳತೆಗೋಲು ಒಂದೇ: ಇವೆರಡರಲ್ಲಿ ಯಾವುದನ್ನು ಅರ್ಧಕ್ಕೆ ಬಿಟ್ಟು ಬರುವುದು ಸುಲಭ? ದುಬಾರಿ ಟಿಕೆಟ್ ಕೊಂಡು, ದೂರ ಪ್ರಯಾಣ ಮಾಡಿ, ಮುಖ್ಯ ದ್ವಾರದಿಂದ ಅರ್ಧ ಗಂಟೆ ನಡೆದು ಒಳಗೆ ಹೋದ ಹೆತ್ತವರಿಗೆ ಮಗುವಿನ ದಣಿವಿನ ಮೊದಲ ಸುಳಿವು ಕಣ್ಣಿಗೆ ಬೀಳುವುದೇ ಕಷ್ಟ. ಬಿದ್ದರೂ, ಇನ್ನೊಂದೇ ಒಂದು ರೈಡ್ ಮುಗಿಸಿ ಹೋಗೋಣ ಎಂದು ಮನಸ್ಸು ಎಳೆಯುತ್ತದೆ.

ದೊಡ್ಡ ಪಾರ್ಕ್, ಸಣ್ಣ ಪಾರ್ಕ್, ನೀರಿನ ಪಾರ್ಕ್

ದೊಡ್ಡ ಪಾರ್ಕುಗಳಲ್ಲಿ ಅನುಕೂಲಗಳು ಹೆಚ್ಚು. ಅಂಗವಿಕಲರಿಗೆ ವಿಶೇಷ ಪಾಸು, ತರಬೇತಾದ ಸಿಬ್ಬಂದಿ, ಶಾಂತ ಕೊಠಡಿ, ಪ್ರತಿ ರೈಡಿನಲ್ಲೂ ಎಷ್ಟು ಸದ್ದು, ಎಷ್ಟು ಕತ್ತಲೆ ಎಂದು ಮೊದಲೇ ತಿಳಿಸುವ ಮಾರ್ಗಸೂಚಿ ಇವೆಲ್ಲ ಸಿಗುವುದು ಹೆಚ್ಚಾಗಿ ಅಲ್ಲಿಯೇ. ಆದರೆ ಇವೆಲ್ಲ ಅಲ್ಲಿ ಏಕೆ ಬೇಕಾದವು ಎಂಬುದನ್ನೂ ಯೋಚಿಸಬೇಕು. ಜನಸಂದಣಿ, ದೂರ, ಗಂಟೆಗಟ್ಟಲೆ ಕಾಯುವಿಕೆ ಇದ್ದುದರಿಂದಲೇ ಈ ವ್ಯವಸ್ಥೆಗಳು ಹುಟ್ಟಿಕೊಂಡವು. ಸಣ್ಣ ಪಾರ್ಕಿನಲ್ಲಿ ಶಾಂತ ಕೊಠಡಿ ಇಲ್ಲದಿರಬಹುದು. ಆದರೆ ದ್ವಾರ ಕಣ್ಣಳತೆಯಲ್ಲಿರುತ್ತದೆ, ವಾಹನ ಐದು ನಿಮಿಷದ ದೂರದಲ್ಲಿರುತ್ತದೆ, ಮೆರಿ-ಗೋ-ರೌಂಡ್ ನಡೆಸುವವರಿಗೆ ಎರಡನೆಯ ಸುತ್ತಿನ ಹೊತ್ತಿಗೆ ಮಗುವಿನ ಮುಖ ಪರಿಚಯವಾಗಿರುತ್ತದೆ. ಜನ ಕಡಿಮೆಯಿದ್ದಾಗ ಇಳಿಯದೆಯೇ ಮತ್ತೊಂದು ಸುತ್ತು ಕೂರಲು ಬಿಡುವುದೂ ಉಂಟು. ಒಂದೇ ರೈಡನ್ನು ಹದಿನೈದು ಸಲ ಮಾಡುವುದೇ ಸುಖ ಎನ್ನುವ ಮಗುವಿಗೆ ನೂರು ರೈಡುಗಳ ಪಾರ್ಕಿನಿಂದ ಆಗಬೇಕಾದದ್ದೇನೂ ಇಲ್ಲ. ಮೊದಲ ಭೇಟಿಗೆ ನಾನು ಸಣ್ಣದನ್ನೇ ಆರಿಸುತ್ತೇನೆ.

ಈ ಎರಡಕ್ಕೂ ಸೇರದ ಒಂದು ಅಪರೂಪದ ಮಾದರಿ ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊದಲ್ಲಿರುವ ಮಾರ್ಗನ್ಸ್ ವಂಡರ್‌ಲ್ಯಾಂಡ್. 2010ರಲ್ಲಿ ಆರಂಭವಾದ ಈ ಪಾರ್ಕನ್ನು ಕಟ್ಟುವಾಗಲೇ ಅಂಗವಿಕಲರನ್ನು ಮನಸ್ಸಿನಲ್ಲಿಟ್ಟುಕೊಳ್ಳಲಾಗಿದೆ, ಅವರಿಗೆ ಪ್ರವೇಶವೂ ಉಚಿತ. 2017ರಲ್ಲಿ ಅದರ ಪಕ್ಕದಲ್ಲಿ ಇದೇ ಧ್ಯೇಯದ ನೀರಿನ ಪಾರ್ಕ್ ಸೇರಿಕೊಂಡಿತು. ಇಂಥವು ಬೆರಳೆಣಿಕೆಯಷ್ಟೇ ಇರುವುದರಿಂದ ಬಹುಪಾಲು ಕುಟುಂಬಗಳ ಆಯ್ಕೆ ಸಾಮಾನ್ಯ ಪಾರ್ಕುಗಳ ನಡುವೆಯೇ ಉಳಿಯುತ್ತದೆ.

ನೀರಿನ ಪಾರ್ಕಿನ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ನೀರಿನ ಒತ್ತಡ ಮೈಗೆ ಹಿತವೆನಿಸುವ ಮಕ್ಕಳು ಬಹಳ. ಅಂಥವರಿಗೆ ಆಳವಿಲ್ಲದ ಕೊಳವೊಂದೇ ದಿನಕ್ಕೆ ಸಾಕು, ಸಾಲಿನ ಪ್ರಶ್ನೆಯೇ ಬರುವುದಿಲ್ಲ. ಆದರೆ ಅಲ್ಲಿ ಸದ್ದು ತಡೆಯುವ ಹೆಡ್‌ಫೋನ್ ಹಾಕುವಂತಿಲ್ಲ, ಒದ್ದೆ ಬಟ್ಟೆ ಮೈಗೆ ಅಂಟುತ್ತದೆ, ಬರಿಗಾಲಿಗೆ ನೆಲ ಸುಡುತ್ತದೆ, ಬಟ್ಟೆ ಬದಲಿಸುವ ಕೋಣೆಯಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಬಡಿಯುತ್ತದೆ, ಕ್ಲೋರಿನ್ ವಾಸನೆ ಬೇರೆ. ಎಲ್ಲಕ್ಕಿಂತ ಮುಖ್ಯವಾಗಿ, ಕೈತಪ್ಪಿ ಓಡುವ ಅಭ್ಯಾಸವಿರುವ ಮಗುವಿಗೆ ನೀರು ನಿಜವಾದ ಅಪಾಯ. ಇಬ್ಬರು ದೊಡ್ಡವರಿಲ್ಲದೆ ನೀರಿನ ಪಾರ್ಕಿಗೆ ಹೋಗದಿರುವುದೇ ಮೇಲು.

ಪ್ರಮಾಣಪತ್ರಕ್ಕಿಂತ ಮಾರ್ಗಸೂಚಿ

ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯದ ಸೆಸಮಿ ಪ್ಲೇಸ್ 2018ರಲ್ಲಿ ಆಟಿಸಂ ಕೇಂದ್ರವೆಂಬ ಪ್ರಮಾಣಪತ್ರ ಪಡೆದ ಜಗತ್ತಿನ ಮೊದಲ ಥೀಮ್ ಪಾರ್ಕ್ ಆಯಿತು. ಆ ಬಳಿಕ ಹಲವು ಪಾರ್ಕುಗಳು ಅದೇ ದಾರಿ ಹಿಡಿದವು. ಪ್ರಮಾಣಪತ್ರವಿರುವ ಪಾರ್ಕನ್ನೂ ಇಲ್ಲದ ಪಾರ್ಕನ್ನೂ ಹೋಲಿಸುವಾಗ ಆ ಫಲಕ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಗೊತ್ತಿರಬೇಕು. ಸಿಬ್ಬಂದಿಗೆ ತರಬೇತಿಯಾಗಿದೆ, ಪಾರ್ಕನ್ನು ಪರಿಶೀಲಿಸಲಾಗಿದೆ ಎಂಬುದಕ್ಕೆ ಅದು ಸಾಕ್ಷಿ. ಅದರಿಂದ ರೈಡಿನ ಸದ್ದು ಕಡಿಮೆಯಾಗುವುದಿಲ್ಲ, ರಜಾದಿನದ ಸಾಲೂ ಕರಗುವುದಿಲ್ಲ. ನಿಜವಾಗಿ ಕೈಗೆ ಸಿಗುವ ಲಾಭವೆಂದರೆ ಇಂಥ ಪಾರ್ಕುಗಳು ಪ್ರಕಟಿಸುವ ಇಂದ್ರಿಯ ಮಾರ್ಗಸೂಚಿ. ಸ್ಪರ್ಶ, ರುಚಿ, ಸದ್ದು, ವಾಸನೆ, ನೋಟ ಈ ಐದರಲ್ಲಿ ಪ್ರತಿಯೊಂದಕ್ಕೂ ರೈಡಿನ ತೀವ್ರತೆ ಎಷ್ಟೆಂದು ಅದರಲ್ಲಿ 1ರಿಂದ 10ರವರೆಗಿನ ಅಂಕಗಳಲ್ಲಿ ಕೊಟ್ಟಿರುತ್ತಾರೆ. ಟಿಕೆಟ್ ಕೊಳ್ಳುವ ಮೊದಲೇ ಅದನ್ನು ಓದಬಹುದು. ಪ್ರಮಾಣಪತ್ರವಿದ್ದು ಮಾರ್ಗಸೂಚಿ ಅಸ್ಪಷ್ಟವಾಗಿರುವ ಪಾರ್ಕಿಗಿಂತ, ಪ್ರಮಾಣಪತ್ರವಿಲ್ಲದಿದ್ದರೂ ಪ್ರತಿ ರೈಡಿನ ವಿವರವನ್ನು ನೇರವಾಗಿ ಬರೆದಿರುವ ಪಾರ್ಕ್ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಾಲಿನಲ್ಲಿ ನಿಲ್ಲುವುದೋ, ಬೇರೆ ದಾರಿಯೋ

ಹೆಚ್ಚು ಗೊಂದಲ ಇರುವುದು ಇಲ್ಲಿಯೇ. ಸಾಮಾನ್ಯವಾಗಿ ನಾಲ್ಕು ದಾರಿಗಳಿವೆ: ಅಂಗವಿಕಲರಿಗಾಗಿ ಇರುವ ಪಾಸು, ಹಣ ಕೊಟ್ಟು ಕೊಳ್ಳುವ ಫಾಸ್ಟ್ ಪಾಸು, ಮೊಬೈಲ್ ಆ್ಯಪಿನ ವರ್ಚುವಲ್ ಕ್ಯೂ (ಸಾಲಿನಲ್ಲಿ ನಿಲ್ಲದೆ ಆ್ಯಪಿನಲ್ಲೇ ಸರದಿ ಹಿಡಿಯುವುದು), ಹಾಗೂ ದೊಡ್ಡವರು ಸರದಿಯಂತೆ ರೈಡ್ ಏರುವ ಅದಲುಬದಲು ವ್ಯವಸ್ಥೆ.

ಅಂಗವಿಕಲರ ಪಾಸು ಕಾಯುವಿಕೆಯನ್ನು ತೆಗೆದುಹಾಕುತ್ತದೆ ಎಂದು ಹಲವರು ತಿಳಿದಿರುತ್ತಾರೆ. ಬಹಳಷ್ಟು ಕಡೆ ಅದು ಕಾಯುವ ಜಾಗವನ್ನು ಮಾತ್ರ ಬದಲಿಸುತ್ತದೆ. ಸಾಲು 50 ನಿಮಿಷದ್ದಾಗಿದ್ದರೆ ಸುಮಾರು ಅಷ್ಟೇ ಹೊತ್ತಿನ ನಂತರ ಬನ್ನಿ ಎಂದು ಮರುಭೇಟಿಯ ಸಮಯ ಕೊಡುತ್ತಾರೆ. ಆ ಹೊತ್ತನ್ನು ನೆರಳಿನಲ್ಲಿ ಕುಳಿತೋ ಬೇರೆಲ್ಲಾದರೂ ಅಡ್ಡಾಡಿಯೋ ಕಳೆಯಬಹುದು. ಕಂಬಿಗಳ ನಡುವೆ ಅಪರಿಚಿತರ ಮೈ ತಾಕುತ್ತಾ ನಿಲ್ಲುವುದೇ ತೊಂದರೆಯಾಗಿರುವ ಮಗುವಿಗೆ ಇದು ದೊಡ್ಡ ವರ. ಆದರೆ ರೈಡನ್ನು ಕಣ್ಣಾರೆ ಕಂಡ ಮೇಲೆ ಈಗಲ್ಲ, ಆಮೇಲೆ ಎಂಬ ಮಾತನ್ನೇ ಒಪ್ಪದ ಮಗುವಿಗೆ ಇದರಿಂದ ಕಷ್ಟ ಇಮ್ಮಡಿಯಾಗಬಹುದು. ಅಂಥ ಮಗುವಿದ್ದರೆ ಸಮಯ ಪಡೆಯಲು ಒಬ್ಬರು ಮಾತ್ರ ಹೋಗಿ, ಸರದಿ ಬರುವ ತನಕ ಮಗುವನ್ನು ಆ ರೈಡ್ ಕಾಣದ ಕಡೆ ಇಟ್ಟುಕೊಳ್ಳುವುದು ಒಳ್ಳೆಯದು.

ಈ ಪಾಸಿನ ನಿಯಮಗಳು ಬದಲಾಗುತ್ತಲೇ ಇರುತ್ತವೆ. ಡಿಸ್ನಿಯ ಅಮೆರಿಕದ ಪಾರ್ಕುಗಳು ಹಳೆಯ ನೆರವಿನ ಕಾರ್ಡನ್ನು, ಅದು ದುರುಪಯೋಗವಾಗುತ್ತಿದೆ ಎಂಬ ದೂರುಗಳ ನಂತರ, 2013ರಲ್ಲಿ ನಿಲ್ಲಿಸಿ ಮರುಭೇಟಿಯ ಸಮಯ ಕೊಡುವ ವ್ಯವಸ್ಥೆಗೆ ಬಂದವು. 2024ರಲ್ಲಿ ಅದನ್ನೂ ಬಿಗಿಗೊಳಿಸಿ, ಆಟಿಸಂನಂಥ ಬೆಳವಣಿಗೆಯ ತೊಂದರೆಯಿಂದಾಗಿ ಸಾಮಾನ್ಯ ಸಾಲಿನಲ್ಲಿ ಹೆಚ್ಚು ಹೊತ್ತು ಕಾಯಲಾಗದವರಿಗೆ ಅದನ್ನು ಸೀಮಿತಗೊಳಿಸಿದವು. ಅಲ್ಲಿ ವಿಡಿಯೊ ಕರೆಯ ಮೂಲಕ ಮಾತನಾಡಿ ನೋಂದಾಯಿಸಿಕೊಳ್ಳಬಹುದು. ಎರಡು ವರ್ಷಗಳ ಹಿಂದೆ ಹೋಗಿಬಂದವರ ಅನುಭವ ಈಗಿನ ನಿಯಮಕ್ಕೆ ತಾಳೆಯಾಗದಿರಬಹುದು, ಆದ್ದರಿಂದ ಪಾರ್ಕಿನ ಸ್ವಂತ ಜಾಲತಾಣವನ್ನೇ ನೋಡುವುದು ಲೇಸು. ಕೆಲವೆಡೆ ವೈದ್ಯರ ಪತ್ರ ಕೇಳುತ್ತಾರೆ, ಕೆಲವೆಡೆ ಕೇಳುವುದಿಲ್ಲ. ಇದ್ದರೆ ಜೊತೆಗಿಟ್ಟುಕೊಳ್ಳುವುದರಿಂದ ನಷ್ಟವಿಲ್ಲ. ರೋಗದ ಹೆಸರನ್ನಷ್ಟೇ ಹೇಳಿದರೆ ಸಾಲದು. ಸಾಲಿನಲ್ಲಿ ನಿಂತಾಗ ಮಗುವಿಗೆ ಏನಾಗುತ್ತದೆ, ತಲೆ ಚಚ್ಚಿಕೊಳ್ಳುತ್ತದೆಯೇ, ಕಂಬಿ ನುಸುಳಿ ಓಡುತ್ತದೆಯೇ ಎಂದು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಇದನ್ನು ಮಗುವಿನ ಎದುರಿಗೇ ಹೇಳುವ ಪರಿಸ್ಥಿತಿ ಬಂದರೆ ಮನಸ್ಸಿಗೆ ಬಹಳ ನೋವಾಗುತ್ತದೆ. ಮಾತು ಬಾರದ ಮಗುವಿಗೆ ಮಾತು ಅರ್ಥವಾಗುವುದಿಲ್ಲ ಎಂದುಕೊಳ್ಳಬಾರದು. ಮನೆಯಿಂದಲೇ ನೋಂದಾಯಿಸುವ ಅವಕಾಶವಿರುವ ಪಾರ್ಕಿಗೆ ನಾನು ಹೆಚ್ಚು ಅಂಕ ಕೊಡುವುದು ಮುಖ್ಯವಾಗಿ ಈ ಕಾರಣಕ್ಕೆ.

ಹಣ ಕೊಟ್ಟು ಕೊಳ್ಳುವ ಫಾಸ್ಟ್ ಪಾಸಿನಲ್ಲಿ ಯಾರಿಗೂ ಏನನ್ನೂ ವಿವರಿಸಬೇಕಿಲ್ಲ, ಹೋದ ಕೂಡಲೇ ಚಿಕ್ಕ ಸಾಲು ಸಿಗುತ್ತದೆ. ಕಾಯುವುದೇ ಆಗದ ಮಗುವಿಗೆ ಅಂಗವಿಕಲರ ಪಾಸಿಗಿಂತ ಇದು ಹೆಚ್ಚು ಕೆಲಸಕ್ಕೆ ಬರುವುದೂ ಉಂಟು. ತೊಂದರೆ ಬೆಲೆಯದು: ಟಿಕೆಟಿನ ಮೇಲೆ ಇದನ್ನೂ ಕೊಂಡವರು ಮಧ್ಯಾಹ್ನಕ್ಕೇ ಮನೆಗೆ ಹೊರಡಲು ಹಿಂದೆಮುಂದೆ ನೋಡುತ್ತಾರೆ. ದಿನದ ನಡುವೆ, ಅಗತ್ಯ ಕಂಡಾಗ, ಒಂದೇ ರೈಡಿಗೆ ಕೊಳ್ಳಲು ಬರುವಂತಿದ್ದರೆ ಆ ಬಗೆಯದೇ ಮೇಲು. ವರ್ಚುವಲ್ ಕ್ಯೂ ಎಲ್ಲರಿಗೂ ಸಿಗುತ್ತದೆ, ಆದರೆ ಕರೆ ಬರುವ ಸಮಯ ಹಿಂದುಮುಂದಾಗುತ್ತಿರುತ್ತದೆ. ಗಡಿಯಾರ ಹೇಳಿದಂತೆಯೇ ನಡೆಯಬೇಕೆನ್ನುವ ಮಗುವಿಗೆ ಆ್ಯಪಿನಲ್ಲಿ ಬದಲಾಗುವ ನಿಮಿಷಗಳನ್ನು ತೋರಿಸದಿರುವುದೇ ಒಳ್ಳೆಯದು. ಅದಲುಬದಲು ವ್ಯವಸ್ಥೆ ಬೇಕಾಗುವುದು ಮಗುವಿಗೆ ರೈಡ್ ಬೇಡವಾಗಿ ಅಣ್ಣನಿಗೋ ತಂಗಿಗೋ ಬೇಕಾದಾಗ. ದೊಡ್ಡವರಲ್ಲಿ ಒಬ್ಬರು ಮಗುವಿನೊಂದಿಗೆ ಹೊರಗುಳಿದು, ಮೊದಲಿನವರು ಇಳಿದ ಮೇಲೆ ಹೊಸದಾಗಿ ಸಾಲು ನಿಲ್ಲದೆ ಏರಬಹುದು.

ಸೌಮ್ಯವಾಗಿ ಕಾಣುವ ರೈಡ್ ಸೌಮ್ಯವೇ?

ಪುಟ್ಟ ದೋಣಿಯಲ್ಲಿ ಕುಳಿತು ಗುಹೆಯೊಳಗೆ ಸಾಗುವ ರೈಡ್ ಒಂದು ಕಡೆ, ಕಬ್ಬಿಣದ ಹಳಿಗಳ ಮೇಲೆ ಅಬ್ಬರಿಸುವ ರೋಲರ್ ಕೋಸ್ಟರ್ ಇನ್ನೊಂದು ಕಡೆ ಇದ್ದರೆ, ಹೆತ್ತವರ ಕೈ ತಾನಾಗಿಯೇ ದೋಣಿಯ ಕಡೆ ಹೋಗುತ್ತದೆ. ಈ ಊಹೆ ಆಗಾಗ ತಲೆಕೆಳಗಾಗುತ್ತದೆ. ಗುಹೆಯೊಳಗೆ ಏನಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಕತ್ತಲೆ, ಮಿನುಗುವ ಬೆಳಕು, ಕೃತಕ ಮಂಜು, ಮೂಗಿಗೆ ಬಡಿಯುವ ವಾಸನೆ, ಪಕ್ಕದಿಂದ ದಿಢೀರನೆ ಎದ್ದು ಕೂಗುವ ಗೊಂಬೆ ಎಲ್ಲ ಅಲ್ಲಿರುತ್ತವೆ, ನಡುವೆ ಇಳಿಯಲೂ ಆಗದು. ರೋಲರ್ ಕೋಸ್ಟರ್ ಎಷ್ಟೇ ಭಯಂಕರವಾಗಿ ಕಂಡರೂ ಅದರ ಹಳಿ ಪೂರ್ತಿ ಕಣ್ಣೆದುರಿಗಿರುತ್ತದೆ, ಪ್ರತಿ ಸಲವೂ ಅದೇ ಏರು, ಅದೇ ಇಳಿತ, ಅದೇ ಎರಡು ನಿಮಿಷ. ಭುಜದ ಮೇಲೆ ಬಿಗಿಯಾಗಿ ಕೂರುವ ಪಟ್ಟಿ ಕೆಲವು ಮಕ್ಕಳಿಗೆ ಹಿತ. ಆಟಿಸಂ ಇರುವ ಪ್ರಸಿದ್ಧ ಪ್ರಾಣಿವಿಜ್ಞಾನಿ ಟೆಂಪಲ್ ಗ್ರಾಂಡಿನ್, ಜಾನುವಾರುಗಳನ್ನು ಅಲುಗಾಡದಂತೆ ಹಿಡಿದಿಡುವ ಸಾಧನವನ್ನು ಹದಿಹರೆಯದಲ್ಲಿ ಕಂಡು, ಮೈಗೆ ಆಳವಾದ ಒತ್ತಡ ಕೊಟ್ಟು ತಮ್ಮ ಆತಂಕವನ್ನು ಇಳಿಸುವ ಯಂತ್ರವೊಂದನ್ನು ತಮಗಾಗಿಯೇ ಮಾಡಿಕೊಂಡಿದ್ದರು. ಆ ಒತ್ತಡ ಬಯಸುವ ಮಗುವಿಗೆ ಕೋಸ್ಟರಿನ ಪಟ್ಟಿ ಬಂಧನವಾಗಿ ಕಾಣಬೇಕೆಂದೇನೂ ಇಲ್ಲ. ಬಿಗಿತವನ್ನೇ ಸಹಿಸದ ಮಗುವಿಗೆ ಸೊಂಟದ ಪಟ್ಟಿಯಷ್ಟೇ ಇರುವ ರೈಡುಗಳು ಸೂಕ್ತ.

ಸವಾರರ ಕಣ್ಣಿನಿಂದ ಚಿತ್ರಿಸಿದ ವಿಡಿಯೊಗಳು ಹಲವು ರೈಡುಗಳಿಗೆ ಲಭ್ಯವಿವೆ, ಅವನ್ನು ಮನೆಯಲ್ಲೇ ಹಲವು ಸಲ ತೋರಿಸಬಹುದು. ಇದರ ಜೊತೆಗೆ ಕ್ಯಾರಲ್ ಗ್ರೇ ಎಂಬ ಅಮೆರಿಕದ ಶಿಕ್ಷಕಿ 1990ರ ದಶಕದ ಆರಂಭದಲ್ಲಿ ರೂಪಿಸಿದ ಸಾಮಾಜಿಕ ಕಥೆಯ ವಿಧಾನವೂ ನೆರವಾಗುತ್ತದೆ. ಗೇಟಿನಲ್ಲಿ ಟಿಕೆಟ್ ತೋರಿಸುತ್ತೇವೆ, ಚೀಲವನ್ನು ಪರೀಕ್ಷಿಸುತ್ತಾರೆ, ಕೈಗೆ ಪಟ್ಟಿ ಕಟ್ಟುತ್ತಾರೆ ಎಂದು ದಿನದ ಹಂತಗಳನ್ನು ಮಗುವಿನ ದೃಷ್ಟಿಯಿಂದ ಸರಳ ವಾಕ್ಯಗಳಲ್ಲಿ, ಚಿತ್ರಗಳೊಂದಿಗೆ ಬರೆದಿಡುವುದು ಅದರ ತಿರುಳು. ಬರೆಯುವಾಗ ಒಂದು ವಾಕ್ಯ ಮರೆಯಬಾರದು: ಕೆಲವೊಮ್ಮೆ ರೈಡ್ ಮುಚ್ಚಿರುತ್ತದೆ, ಆಗ ನಾವು ಇಂಥದ್ದನ್ನು ಮಾಡುತ್ತೇವೆ.

ಕಿವಿಗೆ ಯಾವುದು

ಸದ್ದು ತಡೆಯಲು ಮೂರು ಬಗೆಯ ಸಾಧನಗಳಿವೆ. ಕಿವಿಯನ್ನು ಪೂರ್ತಿ ಮುಚ್ಚುವ ಇಯರ್‌ಮಫ್ ಬ್ಯಾಟರಿಯಿಲ್ಲದೆ ಕೆಲಸ ಮಾಡುತ್ತದೆ, ಎಲ್ಲ ಬಗೆಯ ಸದ್ದನ್ನೂ ತಗ್ಗಿಸುತ್ತದೆ. ಆದರೆ ಬಿಸಿಲಿನಲ್ಲಿ ಬೆವರು, ತಲೆಯ ಮೇಲೆ ಭಾರ. ಸದ್ದನ್ನು ಎಲೆಕ್ಟ್ರಾನಿಕ್ ರೀತಿಯಲ್ಲಿ ಅಳಿಸುವ ಹೆಡ್‌ಫೋನ್ ದುಬಾರಿ. ಅದು ಎಂಜಿನ್ನಿನ ಗುಂಯ್‌ಗುಡುವಿಕೆಯಂಥ ಒಂದೇ ಸಮನಾದ ಸದ್ದನ್ನು ಚೆನ್ನಾಗಿ ಅಳಿಸುತ್ತದೆ, ದಿಢೀರ್ ಚೀರಾಟ ಅಥವಾ ಪಟಾಕಿಯ ಮುಂದೆ ಅದರ ಆಟ ಅಷ್ಟಾಗಿ ನಡೆಯದು. ಪಾರ್ಕಿನಲ್ಲಿ ಮಕ್ಕಳನ್ನು ಬೆಚ್ಚಿಬೀಳಿಸುವುದು ಹೆಚ್ಚಾಗಿ ಎರಡನೆಯ ಬಗೆಯ ಸದ್ದು. ಹಾಗಾಗಿ ಇಲ್ಲಿ ಅಗ್ಗದ ಇಯರ್‌ಮಫ್ ದುಬಾರಿ ಹೆಡ್‌ಫೋನನ್ನು ಮೀರಿಸುತ್ತದೆ, ಮಗುವಿಗೆ ತನ್ನ ನೆಚ್ಚಿನ ಹಾಡು ಕಿವಿಯಲ್ಲಿದ್ದರೇ ಸಮಾಧಾನ ಎನ್ನುವಂತಿದ್ದರೆ ಮಾತ್ರ ಲೆಕ್ಕ ಬೇರೆ. ಕಿವಿಯೊಳಗೆ ತುರುಕುವ ಇಯರ್‌ಪ್ಲಗ್ ಕಣ್ಣಿಗೆ ಕಾಣುವುದಿಲ್ಲ, ದೊಡ್ಡ ಮಕ್ಕಳಿಗೆ ಅದೇ ಇಷ್ಟವಾಗಬಹುದು, ಆದರೆ ಕಿವಿಯೊಳಗಿನ ಸ್ಪರ್ಶವನ್ನು ಒಪ್ಪದವರೇ ಬಹಳ. ವೇಗದ ರೈಡುಗಳಲ್ಲಿ ಸಡಿಲ ವಸ್ತುಗಳನ್ನು ಬಿಡುವುದಿಲ್ಲವಾದ್ದರಿಂದ ಇಯರ್‌ಮಫ್ ಅಲ್ಲಿ ಕಳಚಬೇಕಾಗುತ್ತದೆ ಎಂಬುದನ್ನು ಮಗುವಿಗೆ ಮೊದಲೇ ಹೇಳಿರಬೇಕು.

ಇಡೀ ಪಾರ್ಕಿನಲ್ಲಿ ಅತಿ ಕೆಟ್ಟ ಜಾಗ ರೈಡ್ ಅಲ್ಲ, ಶೌಚಾಲಯ. ಗಾಳಿಯಿಂದ ಕೈ ಒಣಗಿಸುವ ಕೆಲವು ಯಂತ್ರಗಳ ಸದ್ದು ಮಕ್ಕಳ ಕಿವಿಯ ಎತ್ತರದಲ್ಲಿ 100 ಡೆಸಿಬೆಲ್ ದಾಟುವುದನ್ನು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ದೊಡ್ಡವರಿಗೇ ಕೆಲಸದ ಸ್ಥಳದಲ್ಲಿ ಎಂಟು ಗಂಟೆಗೆ 85 ಡೆಸಿಬೆಲ್ ಎಂಬುದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿರುವ ಮಿತಿ, ಪ್ರತಿ 3 ಡೆಸಿಬೆಲ್ ಏರಿಕೆಗೂ ಆ ಅವಧಿ ಅರ್ಧವಾಗುತ್ತದೆ. ಸಾಲುಸಾಲು ಯಂತ್ರಗಳಿರುವ ದೊಡ್ಡ ಶೌಚಾಲಯಕ್ಕಿಂತ ಕುಟುಂಬಕ್ಕೆಂದೇ ಇರುವ ಒಂಟಿ ಕೋಣೆ ಉತ್ತಮ, ಅದು ಎಲ್ಲಿದೆ ಎಂದು ನಕ್ಷೆಯಲ್ಲಿ ಗುರುತು ಮಾಡಿಕೊಂಡೇ ಒಳಗೆ ಹೋಗಬೇಕು. ತಾನಾಗಿಯೇ ನೀರು ಬಿಡುವ ಕಮೋಡ್ ಇದ್ದರೆ ಅದರ ಸೆನ್ಸರಿನ ಮೇಲೆ ಅಂಟುಚೀಟಿಯೊಂದನ್ನು ಹಚ್ಚಿದರಾಯಿತು.

ದಿನ ಮತ್ತು ಹೊತ್ತು

ಶಾಲೆ ನಡೆಯುವ ದಿನಗಳ ವಾರದ ಮಧ್ಯಭಾಗ ರಜಾದಿನಕ್ಕಿಂತ ಉತ್ತಮ, ಬಾಗಿಲು ತೆರೆಯುವ ಮೊದಲ ಎರಡು ಗಂಟೆ ಮಧ್ಯಾಹ್ನಕ್ಕಿಂತ ಉತ್ತಮ. ಇದರಲ್ಲಿ ಚರ್ಚೆಗೆ ಹೆಚ್ಚೇನಿಲ್ಲ. ಚರ್ಚೆ ಇರುವುದು ಕೆಲವು ಪಾರ್ಕುಗಳು ನಡೆಸುವ ಶಾಂತ ವೇಳೆಯ ಬಗ್ಗೆ. ಆಗ ಸಂಗೀತ ನಿಲ್ಲಿಸಿ, ಬೆಳಕು ತಗ್ಗಿಸಿ, ಜನರ ಸಂಖ್ಯೆಗೆ ಮಿತಿ ಹಾಕುತ್ತಾರೆ. ಯಾರೂ ದಿಟ್ಟಿಸಿ ನೋಡುವುದಿಲ್ಲ ಎಂಬುದೊಂದೇ ಹೆತ್ತವರಿಗೆ ಅರ್ಧ ಭಾರ ಇಳಿಸುತ್ತದೆ. ಆದರೆ ಕೂಗು ಸಹಿಸದ ಮಗುವಿಗೆ, ತನ್ನಂತೆಯೇ ಕಷ್ಟದಲ್ಲಿರುವ ಇನ್ನೊಂದು ಮಗುವಿನ ಕೂಗೇ ತೊಂದರೆಯಾಗಬಹುದು. ಕೆಲವು ರೈಡುಗಳು ಆ ವೇಳೆ ಓಡುವುದೂ ಇಲ್ಲ. ಮಗುವಿನ ಆಸೆ ಒಂದು ನಿರ್ದಿಷ್ಟ ರೈಡಿನ ಮೇಲಿದ್ದರೆ, ಅದು ಓಡುತ್ತದೆಯೇ ಎಂದು ಕೇಳಿ ತಿಳಿದ ಮೇಲೆಯೇ ಟಿಕೆಟ್ ಕೊಳ್ಳಬೇಕು.

ಒಂದು ಉದ್ದನೆಯ ದಿನಕ್ಕಿಂತ ಎರಡು ಅರ್ಧ ದಿನಗಳು ಮೇಲು. ಅದು ಕೈಗೂಡದಿದ್ದರೆ ಹೊರಹೋಗಿ ಮತ್ತೆ ಒಳಬರಲು ಬಿಡುವ ಟಿಕೆಟನ್ನಾದರೂ ಆರಿಸಿಕೊಂಡು, ಮಧ್ಯಾಹ್ನದ ಬಿಸಿಲು ಹೊತ್ತನ್ನು ವಾಹನದಲ್ಲೋ ತಂಗುವ ಕೋಣೆಯಲ್ಲೋ ಕಳೆಯಬಹುದು. ಹಸಿವು, ಬಾಯಾರಿಕೆ, ಶೌಚದ ಸೂಚನೆಗಳು ಕೆಲವು ಮಕ್ಕಳಿಗೆ ದೇಹದಿಂದ ಸರಿಯಾಗಿ ತಲಪುವುದಿಲ್ಲ, ಹಾಗಾಗಿ ಇವಕ್ಕೆ ಗಡಿಯಾರ ನೋಡಿಯೇ ಬಿಡುವು ಕೊಡಬೇಕು. ಮಗು ತಿನ್ನುವುದು ಎರಡೇ ಬಗೆಯ ಆಹಾರವಾಗಿದ್ದರೆ ಹೊರಗಿನ ಆಹಾರ ಒಳಗೆ ಬಿಡುತ್ತಾರೆಯೇ ಎಂದು ಬರವಣಿಗೆಯಲ್ಲಿ ಕೇಳಿ, ಉತ್ತರವನ್ನು ಮೊಬೈಲಿನಲ್ಲಿಟ್ಟುಕೊಳ್ಳುವುದು ಕ್ಷೇಮ.

ಕೈತಪ್ಪಿದರೆ

2012ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಆಟಿಸಂ ಇರುವ 1,218 ಮಕ್ಕಳ ಪೈಕಿ ಶೇ 49ರಷ್ಟು ಮಕ್ಕಳು ನಾಲ್ಕು ವರ್ಷ ತುಂಬಿದ ನಂತರ ಒಮ್ಮೆಯಾದರೂ ದೊಡ್ಡವರ ಕಣ್ಣು ತಪ್ಪಿಸಿ ಹೋಗಲು ಯತ್ನಿಸಿದ್ದರು ಎಂದು ಹೆತ್ತವರು ತಿಳಿಸಿದ್ದರು. ಮಗು ಎಲ್ಲಿದೆ ಎಂದು ಫೋನಿನಲ್ಲಿ ತೋರಿಸುವ ಸಾಧನಗಳಲ್ಲಿ ಬ್ಲೂಟೂತ್ ಬಿಲ್ಲೆ ಚಿಕ್ಕದು, ಅಗ್ಗ, ಬ್ಯಾಟರಿ ತಿಂಗಳುಗಟ್ಟಲೆ ಬರುತ್ತದೆ. ಆದರೆ ಅದು ಸುತ್ತಲಿನ ಫೋನುಗಳನ್ನು ನೆಚ್ಚಿಕೊಂಡಿರುವುದರಿಂದ ತೋರಿಸುವ ಜಾಗ ಕೆಲವು ನಿಮಿಷ ಹಳೆಯದಾಗಿರಬಹುದು. ಸಿಮ್ ಇರುವ ಜಿಪಿಎಸ್ ಕೈಗಡಿಯಾರ ಬೇಗ ತೋರಿಸುತ್ತದೆ, ಆದರೆ ದಿನಾ ಚಾರ್ಜ್ ಮಾಡಬೇಕು, ಕಟ್ಟಡದೊಳಗೆ ತಡವರಿಸುತ್ತದೆ, ಕೈಗೆ ಏನನ್ನೂ ಕಟ್ಟಿಸಿಕೊಳ್ಳದ ಮಗುವಿನ ಮುಂದೆ ಅದು ನಡೆಯದು. ಇವೆರಡಕ್ಕಿಂತಲೂ ಮೊದಲು ಬೇಕಾದದ್ದು ಮಗುವಿನ ಅಂಗಿಯ ಒಳಮಡಿಕೆಯಲ್ಲಿ ಅಥವಾ ಬೂಟಿನ ಮೇಲೆ ಬರೆದ ಫೋನ್ ಸಂಖ್ಯೆ ಮತ್ತು ಆ ದಿನ ಬೆಳಿಗ್ಗೆ ಅದೇ ಬಟ್ಟೆಯಲ್ಲಿ ತೆಗೆದ ಫೋಟೊ. ಕಾಣದ ವೈಕಲ್ಯವನ್ನು ಸೂಚಿಸುವ ಸೂರ್ಯಕಾಂತಿ ಚಿತ್ರದ ಕೊರಳಪಟ್ಟಿ 2016ರಲ್ಲಿ ಲಂಡನ್ನಿನ ಗ್ಯಾಟ್‌ವಿಕ್ ವಿಮಾನನಿಲ್ದಾಣದಲ್ಲಿ ಆರಂಭವಾಗಿ ಹಲವು ದೇಶಗಳಿಗೆ ಹರಡಿದೆ. ಸಿಬ್ಬಂದಿಗೆ ಅದರ ಪರಿಚಯವಿರುವ ಪಾರ್ಕಿನಲ್ಲಿ ಅದು ಉಪಯುಕ್ತ. ಮಗು ಕಾಣದಿದ್ದರೆ ಮೊದಲು ಹುಡುಕಬೇಕಾದದ್ದು ಹತ್ತಿರದ ನೀರಿನ ಜಾಗಗಳಲ್ಲಿ, ಅದಕ್ಕೆ ಪ್ರವೇಶದ್ವಾರದಲ್ಲೇ ನಕ್ಷೆ ತೆಗೆದು ಕೊಳ, ಕಾರಂಜಿ, ಕಾಲುವೆಗಳನ್ನು ನೋಡಿಟ್ಟುಕೊಳ್ಳಬೇಕು.

ಹೊರಡುವುದು ಯಾವಾಗ

ಹೊರಡುವ ಹೊತ್ತನ್ನು ನಿರ್ಧರಿಸಲು ಮೂರು ರೀತಿಗಳಿವೆ. ಗಡಿಯಾರದ ಪ್ರಕಾರ ಹೊರಡುವುದು ಸಮಯದ ಅರಿವಿರುವ ಮಗುವಿಗೆ ಹೊಂದುತ್ತದೆ. ಇಂಥ ರೈಡ್ ಆದ ಮೇಲೆ ಮನೆ ಎಂದು ಹೇಳುವುದು ಕ್ರಮ ಬಯಸುವ ಮಗುವಿಗೆ ಹೊಂದುತ್ತದೆ, ಆದರೆ ಆ ಕೊನೆಯ ರೈಡ್ ಕೆಟ್ಟು ನಿಂತರೆ ಇಡೀ ಯೋಜನೆ ಕೈಕೊಡುತ್ತದೆ. ಆದ್ದರಿಂದ ಕೊನೆಯದಾಗಿ ಯಂತ್ರವಲ್ಲದ್ದನ್ನು ಇಡುವುದು ಜಾಣತನ: ದ್ವಾರದ ಬಳಿಯ ಕಾರಂಜಿಗೆ ಕೈ ಬೀಸುವುದು, ಒಂದು ಫೋಟೊ ತೆಗೆಸಿಕೊಳ್ಳುವುದು. ಮೂರನೆಯದು, ದಣಿವಿನ ಮೊದಲ ಸುಳಿವಿಗೇ ಹೊರಡುವುದು. ಮಾತು ಕಡಿಮೆಯಾಗುವುದು, ನಡಿಗೆ ಬದಲಾಗುವುದು, ಕೈಯ ಚಲನೆ ಹೆಚ್ಚುವುದು ಇಂಥ ಸುಳಿವುಗಳು ಹೆತ್ತವರಿಗೆ ಗೊತ್ತಿರುತ್ತವೆ. ಮೊದಲ ಭೇಟಿಗೆ ನಾನು ಇದನ್ನೇ ಆರಿಸಲು ಹೇಳುತ್ತೇನೆ, ಏಕೆಂದರೆ ಒಮ್ಮೆ ಮೆಲ್ಟ್‌ಡೌನ್, ಅಂದರೆ ಒತ್ತಡ ತಡೆಯಲಾಗದೆ ಮಗು ಪೂರ್ತಿ ಹತೋಟಿ ತಪ್ಪುವ ಸ್ಥಿತಿ, ಆರಂಭವಾದ ಮೇಲೆ ಮಗುವಿಗೂ ಅದರ ಮೇಲೆ ಹಿಡಿತವಿರುವುದಿಲ್ಲ. ಅದು ಹಟವಲ್ಲ, ಆಟಿಕೆ ಕೊಟ್ಟರೆ ನಿಲ್ಲುವಂಥದ್ದೂ ಅಲ್ಲ. ಆಗ ಬೇಕಾದದ್ದು ಕಡಿಮೆ ಮಾತು, ಕಡಿಮೆ ಜನ, ಸ್ವಲ್ಪ ಕತ್ತಲೆ. ಶಾಂತ ಕೊಠಡಿ ಇಲ್ಲದ ಪಾರ್ಕಿನಲ್ಲಿ ಪ್ರಥಮ ಚಿಕಿತ್ಸೆಯ ಕೋಣೆಯನ್ನು ಕೇಳಬಹುದು.

ಇನ್ನೊಂದು ವಿಷಯ. ಅನೇಕ ಪಾರ್ಕುಗಳಲ್ಲಿ ರೈಡಿನಿಂದ ಹೊರಬರುವ ದಾರಿ ಆಟಿಕೆ ಅಂಗಡಿಯ ಮೂಲಕವೇ ಸಾಗುತ್ತದೆ, ಮುಖ್ಯ ದ್ವಾರದ ಬಳಿಯೂ ಅಂಥದೇ ಒಂದು ಇರುತ್ತದೆ. ದಣಿದ ಮಗುವನ್ನು ಆ ಬೆಳಕು, ಬಣ್ಣ, ಗದ್ದಲಗಳ ನಡುವೆ ಹಾಯಿಸುವ ಬದಲು, ಪಕ್ಕದಿಂದ ಹೊರಬೀಳುವ ದಾರಿ ಯಾವುದೆಂದು ಬೆಳಿಗ್ಗೆ ಒಳಬರುವಾಗಲೇ ಸಿಬ್ಬಂದಿಯನ್ನು ಕೇಳಿಟ್ಟುಕೊಳ್ಳಿ.